ಬೇಸ್‌ಬಾಲ್ ಯಾರ ಮನೆಯ ಕೂಸು?

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹರೂಪ. ಓದೋದಕ್ಕೆ ಅನುಕೂಲವಾಗಲಿ ಅಂತ ಅಲ್ಲಲ್ಲಿ ವಾಕ್ಯಗಳನ್ನು ಸರಿಪಡಿಸಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇವೆ.)

 

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಈ ವಾರ ನೀವು ಎಷ್ಟು ಸಲ ಬೇಸ್‌ಬಾಲ್ ಆಡಿದ್ರಿ? ಒಂದು ಸಲಾನೂ ಇಲ್ಲ ಅಂತೀರಿ. ಸರಿ, ಈ ವಾರ ಯಾರಾದ್ರೂ ನಿಮ್ಮ ಹತ್ರ 'ಬಾಲ್‌ಪಾರ್ಕ್ ಎಸ್ಟಿಮೇಟ್' ಕೇಳಿದ್ರಾ? ಅಮೆರಿಕದ ಕ್ಲೈಂಟು 'ನಾಳೆ ಟಚ್ ಬೇಸ್ ಮಾಡೋಣ' ಅಂದ್ರಾ? ರಿಲೀಸ್‌ಗೆ ಎರಡು ದಿನ ಇದೆ ಅನ್ನುವಾಗ ಒಂದು 'ಕರ್ವ್‌ಬಾಲ್' ಬಂತಾ? ಟೀಮ್ ಊಟಕ್ಕೆ ಕರೆದಾಗ 'ರೇನ್ ಚೆಕ್' ತಗೊಂಡ್ರಾ? ಇವೆಲ್ಲ ಬೇಸ್‌ಬಾಲ್ ಮೈದಾನದಿಂದ ಎದ್ದು ಬಂದ ಮಾತುಗಳು. ಬಾಲ್‌ಪಾರ್ಕ್ ಅಂದರೆ ಆ ಆಟದ ಕ್ರೀಡಾಂಗಣ. ಕರ್ವ್‌ಬಾಲ್ ಅಂದರೆ ಗಾಳಿಯಲ್ಲೇ ಬಾಗಿ ಬರುವ ಎಸೆತ. ಮಳೆ ಬಂದು ಪಂದ್ಯ ನಿಂತರೆ ಇನ್ನೊಂದು ದಿನ ಬಂದು ನೋಡಿ ಅಂತ ಕೊಡ್ತಿದ್ದ ಚೀಟಿಯೇ ರೇನ್ ಚೆಕ್. ಆಟದ ಗಂಧಗಾಳಿ ಇಲ್ಲದ ನಾವೂ ದಿನಾ ಅದರ ಭಾಷೆ ಆಡ್ತಾ ಇದ್ದೀವಿ.

ಹಾಗಾಗಿ ಇವತ್ತು ಆ ಆಟದ ಹುಟ್ಟಿನ ಕಥೆ. ಇದರಲ್ಲಿ ಒಂದು ಸುಳ್ಳು ಇದೆ, ಆ ಸುಳ್ಳಿಗೆ ಒಂದು ಸಮಿತಿ ಇದೆ, ಒಂದು ಮ್ಯೂಸಿಯಂ ಇದೆ. ಒಬ್ಬ ಯುವರಾಜ ಇದ್ದಾನೆ, ಒಬ್ಬ ವಕೀಲನ ಡೈರಿ ಇದೆ, ಕೊನೆಗೆ ನಮ್ಮ ಚಿನ್ನಿದಾಂಡೂ ಬರುತ್ತೆ.

ಉತ್ತರ ಮೊದಲು, ಸಮಿತಿ ಆಮೇಲೆ

1888ರ ಕೊನೆಗೆ ಆಲ್ಬರ್ಟ್ ಸ್ಪಾಲ್ಡಿಂಗ್ ಅನ್ನೋರು ಎರಡು ಬೇಸ್‌ಬಾಲ್ ತಂಡಗಳನ್ನು ಕಟ್ಟಿಕೊಂಡು ವಿಶ್ವಪ್ರವಾಸ ಹೊರಟರು. ಸ್ಪಾಲ್ಡಿಂಗ್ ಹಿಂದೆ ದೊಡ್ಡ ಪಿಚರ್, ಅಂದರೆ ಚೆಂಡು ಎಸೆಯುವವರು. ಆಮೇಲೆ ಕ್ರೀಡಾಸಾಮಗ್ರಿಯ ದೊಡ್ಡ ವ್ಯಾಪಾರಿ. ಅಂಗಡಿಯಲ್ಲಿ ಇವತ್ತೂ ಸ್ಪಾಲ್ಡಿಂಗ್ ಬ್ರ್ಯಾಂಡಿನ ಚೆಂಡು ಸಿಗುತ್ತಲ್ಲ, ಅದೇ. ಆಸ್ಟ್ರೇಲಿಯಾದಲ್ಲಿ ಆಡಿದರು, ಕೊಲಂಬೋದಲ್ಲಿ ಆಡಿದರು, ಈಜಿಪ್ಟಿನ ಪಿರಮಿಡ್ಡುಗಳ ಬುಡದಲ್ಲೂ ಆಡಿದರು. ವಾಪಸ್ ಬಂದ ಮೇಲೆ, 1889ರ ಏಪ್ರಿಲ್‌ನಲ್ಲಿ, ನ್ಯೂಯಾರ್ಕಿನ ಡೆಲ್ಮೋನಿಕೋಸ್ ಹೋಟೆಲಿನಲ್ಲಿ ಅವರಿಗೊಂದು ದೊಡ್ಡ ಔತಣ. ಮಾರ್ಕ್ ಟ್ವೇನ್ ಕೂಡ ಬಂದಿದ್ದರು. ಅಲ್ಲಿ ಏಬ್ರಹಾಂ ಮಿಲ್ಸ್ ಅನ್ನೋರು ಎದ್ದು ನಿಂತು, ಬೇಸ್‌ಬಾಲ್ ಅಪ್ಪಟ ಅಮೆರಿಕನ್ ಆಟ, ದೇಶಭಕ್ತಿ ಮತ್ತು ಸಂಶೋಧನೆ ಎರಡೂ ಅದನ್ನು ಸಾಬೀತು ಮಾಡಿವೆ ಅಂದರು. ಸಭೆಯವರು 'ನೋ ರೌಂಡರ್ಸ್! ನೋ ರೌಂಡರ್ಸ್!' ಅಂತ ಮೇಜು ಕುಟ್ಟಿದರು.

ಈ ರೌಂಡರ್ಸ್ ಮೇಲೆ ಯಾಕೆ ಇಷ್ಟು ಸಿಟ್ಟು? ರೌಂಡರ್ಸ್ ಅನ್ನೋದು ಇಂಗ್ಲೆಂಡಿನ ಮಕ್ಕಳ ಆಟ. ಚೆಂಡನ್ನು ದಾಂಡಿನಿಂದ ಹೊಡೆದು, ನೆಟ್ಟಿರುವ ಕಂಬಗಳನ್ನು ಸುತ್ತಿ ಓಡಿ ಬರಬೇಕು. ಹೆನ್ರಿ ಚಾಡ್ವಿಕ್ ಅನ್ನುವ ಪತ್ರಕರ್ತರು, ಇವರು ಹುಟ್ಟಿದ್ದು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ, ಬೆಳೆದದ್ದು ಬ್ರೂಕ್ಲಿನ್‌ನಲ್ಲಿ, ಬೇಸ್‌ಬಾಲ್ ಅಂದರೆ ಬೆಳೆದ ರೌಂಡರ್ಸ್ ಅಷ್ಟೇ ಅಂತ ಬರೀತಾ ಬಂದಿದ್ದರು. ಚಾಡ್ವಿಕ್ ಸಾಮಾನ್ಯರಲ್ಲ. ಪಂದ್ಯದ ಅಂಕಿಅಂಶ ಬರೆಯುವ ಬಾಕ್ಸ್ ಸ್ಕೋರ್ ಪದ್ಧತಿಯನ್ನು ರೂಪಿಸಿದವರು. ಸ್ಪಾಲ್ಡಿಂಗ್ ಪ್ರಕಟಿಸ್ತಿದ್ದ ವಾರ್ಷಿಕ ಗೈಡಿಗೆ ಇವರೇ ಸಂಪಾದಕರು. ಅಂಥವರು 1903ರಲ್ಲಿ ಅದೇ ಗೈಡಿನಲ್ಲಿ ಇದು ಇಂಗ್ಲಿಷರ ಮಕ್ಕಳಾಟದಿಂದ ಬಂದದ್ದು ಅಂತ ಮತ್ತೆ ಬರೆದರು. ಸ್ಪಾಲ್ಡಿಂಗ್‌ಗೆ ತಡೆಯಲಾಗಲಿಲ್ಲ. 1905ರಲ್ಲಿ ಒಂದು ಸಮಿತಿ ರಚನೆಯಾಯಿತು. ಅಧ್ಯಕ್ಷರು ಯಾರು? ಡೆಲ್ಮೋನಿಕೋಸ್‌ನಲ್ಲಿ ಭಾಷಣ ಮಾಡಿದ ಅದೇ ಮಿಲ್ಸ್.

ನಿಮಗೆ ಇಂಥ ಸಮಿತಿಗಳ ಪರಿಚಯ ಇದ್ದೇ ಇರುತ್ತೆ. ಪ್ರೊಡಕ್ಷನ್‌ನಲ್ಲಿ ಏನೋ ಕೈಕೊಟ್ಟಿದೆ, ರೂಟ್ ಕಾಸ್ ಅನಾಲಿಸಿಸ್‌ಗೆ ಕರೆದಿದ್ದಾರೆ, ಆದರೆ ಕಾರಣ ಯಾವ ಟೀಮಿನದು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿಟ್ಟಿದ್ದಾರೆ. ನಾವು ಕೂತು ಸ್ಲೈಡ್ ತುಂಬಿಸೋದಷ್ಟೇ ಬಾಕಿ. ಇದೂ ಹಾಗೇ.

ಸಮಿತಿಯವರು ಹಳೇ ನೆನಪಿದ್ದವರು ಪತ್ರ ಬರೆಯಿರಿ ಅಂತ ಪತ್ರಿಕೆಗಳಲ್ಲಿ ಕೇಳಿಕೊಂಡರು. ಡೆನ್ವರ್‌ನ ಆಬ್ನರ್ ಗ್ರೇವ್ಸ್ ಅನ್ನುವ ಗಣಿ ಎಂಜಿನಿಯರ್ ಬರೆದರು: ನನ್ನ ಹುಟ್ಟೂರು ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ಕಂಡುಹಿಡಿದ. ಯಾವ ವರ್ಷ ಅನ್ನೋದರ ಬಗ್ಗೆ ಅವರಿಗೇ ಖಚಿತ ಇರಲಿಲ್ಲ, 1839ರ ಆಸುಪಾಸು ಅನ್ನುವ ಥರ ಬರೆದಿದ್ದರು. ಸಮಿತಿಗೆ ಅಷ್ಟು ಸಾಕಾಯ್ತು. ಯಾಕಂದ್ರೆ ಡಬಲ್‌ಡೇ ಬರೀ ಹಳ್ಳಿ ಹುಡುಗ ಅಲ್ಲ, ಮುಂದೆ ಅಂತರ್ಯುದ್ಧದಲ್ಲಿ ಹೆಸರು ಮಾಡಿದ ಜನರಲ್. 1861ರಲ್ಲಿ ಫೋರ್ಟ್ ಸಮ್ಟರ್‌ನಲ್ಲಿ ಉತ್ತರದವರ ಮೊದಲ ಗುಂಡಿಗೆ ಆಜ್ಞೆ ಕೊಟ್ಟವರು, ಗೆಟಿಸ್‌ಬರ್ಗ್‌ನಲ್ಲಿ ಕಾದಾಡಿದವರು. ರಾಷ್ಟ್ರೀಯ ಆಟಕ್ಕೆ ಇದಕ್ಕಿಂತ ಒಳ್ಳೆ ಅಪ್ಪ ಎಲ್ಲಿ ಸಿಗ್ತಾನೆ? 1907ರ ಡಿಸೆಂಬರ್ 30ರಂದು ಮಿಲ್ಸ್ ವರದಿ ಬರೆದು ಮುಗಿಸಿದರು: ಬೇಸ್‌ಬಾಲ್ ಹುಟ್ಟಿದ್ದು ಅಮೆರಿಕದಲ್ಲಿ, ರೂಪಿಸಿದ್ದು ಡಬಲ್‌ಡೇ, ವರ್ಷ 1839, ಊರು ಕೂಪರ್ಸ್‌ಟೌನ್.

ಈಗ ಇದನ್ನು ಸ್ವಲ್ಪ ಟೆಸ್ಟ್ ಮಾಡೋಣ. 1839ರಲ್ಲಿ ಡಬಲ್‌ಡೇ ಎಲ್ಲಿದ್ದರು? ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಕೆಡೆಟ್. 1838ರಲ್ಲಿ ಸೇರಿ 1842ರಲ್ಲಿ ಪಾಸಾದವರು. ಸಾಕ್ಷಿ ಹೇಳಿದ ಗ್ರೇವ್ಸ್‌ಗೆ ಆಗ ಎಷ್ಟು ವಯಸ್ಸು? ಐದು. ಡಬಲ್‌ಡೇ ತೀರಿಕೊಂಡದ್ದು 1893ರಲ್ಲಿ. ಅಲ್ಲಿಯವರೆಗೆ ಬೇಸ್‌ಬಾಲ್ ನನ್ನದು ಅಂತ ಅವರು ಒಂದು ಸಲಾನೂ ಹೇಳಿಕೊಂಡವರಲ್ಲ. ಇನ್ನೂ ಒಂದು ವಿಷಯ ಕೇಳಿ, ಮಿಲ್ಸ್ ಮತ್ತು ಡಬಲ್‌ಡೇ ಹಲವು ವರ್ಷಗಳ ಪರಿಚಯಸ್ಥರು. ಅಷ್ಟು ವರ್ಷದ ಒಡನಾಟದಲ್ಲಿ ಸ್ನೇಹಿತನ ಬಾಯಲ್ಲಿ ಬರದ ಮಾತನ್ನು, ಅಪರಿಚಿತನೊಬ್ಬನ ಪತ್ರ ನೋಡಿ ಮಿಲ್ಸ್ ಒಪ್ಪಿಕೊಂಡರು.

ಆದರೂ ಕಥೆ ನಿಂತಿತು. 1930ರ ದಶಕದಲ್ಲಿ ಕೂಪರ್ಸ್‌ಟೌನ್ ಹತ್ತಿರದ ಒಂದು ಮನೆಯ ಹಳೇ ಟ್ರಂಕಿನಲ್ಲಿ ಹರಿದ ಚೆಂಡೊಂದು ಸಿಕ್ಕಿತು. ಸ್ಟೀಫನ್ ಕ್ಲಾರ್ಕ್ ಅನ್ನುವ ಶ್ರೀಮಂತರು, ಸಿಂಗರ್ ಹೊಲಿಗೆ ಮೆಷಿನ್ನಿನ ಆಸ್ತಿಯ ವಾರಸುದಾರರು, ಅದನ್ನು 5 ಡಾಲರಿಗೆ ಕೊಂಡರು. ಅದು 'ಡಬಲ್‌ಡೇ ಚೆಂಡು' ಆಯಿತು. 1939ರ ಜೂನ್ 12ರಂದು, ಬೇಸ್‌ಬಾಲ್‌ಗೆ ನೂರು ತುಂಬಿತು ಅಂತ, ಅದೇ ಊರಿನಲ್ಲಿ ಹಾಲ್ ಆಫ್ ಫೇಮ್ ಉದ್ಘಾಟನೆ ಆಯಿತು. ನಮ್ಮವರು ಯಾರಾದರೂ ಆನ್‌ಸೈಟ್ ಹೋದಾಗ ಕೂಪರ್ಸ್‌ಟೌನ್‌ಗೆ ಹೋಗಿದ್ದರೆ, ನೀವು ನಿಂತು ಫೋಟೋ ತೆಗೆಸಿಕೊಂಡದ್ದು ಈ ಸುಳ್ಳಿನ ಅಂಗಳದಲ್ಲಿ. ಮ್ಯೂಸಿಯಂ ಮಾತ್ರ ಚೆನ್ನಾಗಿದೆ ಅಂತಾರೆ, ಅದರಲ್ಲಿ ಎರಡು ಮಾತಿಲ್ಲ. (ನಗು)

ಲೈಬ್ರರಿಯವರು ಮತ್ತು ಸಿಸ್ಟಮ್ಸ್ ಅನಲಿಸ್ಟ್

ಈ ಕಥೆಯನ್ನು ಕೆಡವಿದವರಲ್ಲಿ ಮೊದಲಿಗರು ರಾಬರ್ಟ್ ಹೆಂಡರ್ಸನ್. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಕೆಲಸ. 1834ರಲ್ಲಿ ಬಾಸ್ಟನ್‌ನಲ್ಲಿ ರಾಬಿನ್ ಕಾರ್ವರ್ ಅನ್ನುವವರ ಆಟಗಳ ಪುಸ್ತಕ ಬಂದಿತ್ತು. ಅದರಲ್ಲಿ ಬೇಸ್‌ಬಾಲ್ ನಿಯಮಗಳಿದ್ದವು. ಹೆಂಡರ್ಸನ್ ಅದನ್ನು 1828ರಲ್ಲಿ ಲಂಡನ್‌ನಲ್ಲಿ ಅಚ್ಚಾದ 'ದಿ ಬಾಯ್ಸ್ ಓನ್ ಬುಕ್' ಜೊತೆ ಪಕ್ಕಪಕ್ಕ ಇಟ್ಟು ನೋಡಿದರು. ಬಹುತೇಕ ಕಾಪಿ ಪೇಸ್ಟ್! ಅಲ್ಲಿ ರೌಂಡರ್ಸ್ ಅಂತ ಇದ್ದದ್ದಕ್ಕೆ ಇಲ್ಲಿ ಬೇರೆ ಹೆಸರು ಅಷ್ಟೇ. ಅಂದರೆ ಡಬಲ್‌ಡೇ 'ಕಂಡುಹಿಡಿಯುವ' ಐದು ವರ್ಷ ಮೊದಲೇ ನಿಯಮಗಳು ಅಮೆರಿಕದಲ್ಲಿ ಅಚ್ಚಾಗಿದ್ದವು. ಹೆಂಡರ್ಸನ್ 1947ರಲ್ಲಿ 'ಬಾಲ್, ಬ್ಯಾಟ್ ಅಂಡ್ ಬಿಷಪ್' ಅನ್ನುವ ಪುಸ್ತಕ ತಂದರು. ಚಾಡ್ವಿಕ್ ಗೆದ್ದರು, ರೌಂಡರ್ಸೇ ತಾಯಿ ಅಂತ ಎಲ್ಲರೂ ಒಪ್ಪಿಕೊಂಡರು.

ಇಲ್ಲಿಗೆ ಮುಗೀಬೇಕಿತ್ತು. ಮುಗಿಯಲಿಲ್ಲ. ಸುಮಾರು ಅರವತ್ತು ವರ್ಷ ಆದಮೇಲೆ ಡೇವಿಡ್ ಬ್ಲಾಕ್ ಅನ್ನುವವರು ಬಂದರು. ಇವರು ವೃತ್ತಿಯಲ್ಲಿ ಇತಿಹಾಸಕಾರರಲ್ಲ. ನಮ್ಮವರೇ ಅನ್ನಬಹುದು, ಕಂಪ್ಯೂಟರ್ ಸಿಸ್ಟಮ್ಸ್ ಅನಲಿಸ್ಟ್. ಬೇಸ್‌ಬಾಲ್ ಬಗೆಗಿನ ಹಳೇ ಪುಸ್ತಕ ಸಂಗ್ರಹಿಸೋದು ಹವ್ಯಾಸ. 2005ರಲ್ಲಿ ಅವರ 'ಬೇಸ್‌ಬಾಲ್ ಬಿಫೋರ್ ವಿ ನ್ಯೂ ಇಟ್' ಬಂತು. ಬ್ಲಾಕ್ ಕೇಳಿದ್ದು ತೀರಾ ಸರಳ ಪ್ರಶ್ನೆ, ನೀವು ಲಾಗ್ ಫೈಲ್ ನೋಡುವಾಗ ಕೇಳುವಂಥದ್ದು: ಟೈಮ್‌ಸ್ಟ್ಯಾಂಪ್ ಏನು ಹೇಳುತ್ತೆ? ರೌಂಡರ್ಸ್ ನಿಯಮ ಅಚ್ಚಿನಲ್ಲಿ ಕಾಣೋದು 1828ಕ್ಕೆ. 'ಬೇಸ್‌ಬಾಲ್' ಅನ್ನುವ ಹೆಸರು ಇಂಗ್ಲೆಂಡಿನಲ್ಲೇ ಅಚ್ಚಾದದ್ದು 1744ಕ್ಕೆ. ಎಂಬತ್ತನಾಲ್ಕು ವರ್ಷ ಮೊದಲು. ಹಾಗಿದ್ದರೆ ರೌಂಡರ್ಸ್ ತಾಯಿ ಹೇಗಾಗುತ್ತೆ? ಒಂದೇ ಕುಟುಂಬದ ಕಿರಿಯವಳು ಅನ್ನಬಹುದು. ಬೇಸ್‌ಬಾಲ್ ಇಂಗ್ಲೆಂಡಿನದೇ ಆಟ, ಆ ಹೆಸರಿನ ಸಮೇತ ಇಂಗ್ಲೆಂಡಿನದು.

ಅಂದರೆ ಸ್ಪಾಲ್ಡಿಂಗ್ ಹೇಳಿದ್ದೂ ತಪ್ಪು, ಅವರನ್ನು ಸೋಲಿಸಿದ ಚಾಡ್ವಿಕ್ ಹೇಳಿದ್ದೂ ಪೂರ್ತಿ ಸರಿಯಲ್ಲ.

1744: ಒಂದೇ ವರ್ಷ, ಎರಡು ದಾಖಲೆ

ಆ 1744ರ ಪುಸ್ತಕದ ಬಗ್ಗೆ ಹೇಳಲೇಬೇಕು. ಜಾನ್ ನ್ಯೂಬೆರಿ ಅನ್ನುವ ಲಂಡನ್ ಪ್ರಕಾಶಕರ 'ಎ ಲಿಟಲ್ ಪ್ರೆಟಿ ಪಾಕೆಟ್‌ಬುಕ್'. ಮಕ್ಕಳ ಸಾಹಿತ್ಯಕ್ಕೆ ಅಮೆರಿಕದಲ್ಲಿ ಕೊಡುವ ನ್ಯೂಬೆರಿ ಪದಕ ಇದೆಯಲ್ಲ, ಅದು ಇವರ ಹೆಸರಿನದೇ. ಪುಸ್ತಕಕ್ಕೆ ಆರು ಪೆನ್ನಿ. ಇನ್ನೆರಡು ಪೆನ್ನಿ ಕೊಟ್ಟರೆ ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಒಂದು ಪಿನ್‌ಕುಶನ್. ಎರಡಕ್ಕೂ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು. ಒಳ್ಳೆ ಕೆಲಸ ಮಾಡಿದರೆ ಕೆಂಪಿಗೆ ಒಂದು ಪಿನ್ನು, ತಂಟೆ ಮಾಡಿದರೆ ಕಪ್ಪಿಗೆ ಒಂದು. ಅಪ್ರೈಸಲ್ ಅಂದ್ರೆ ಇದೇ ತಾನೇ! ಪುಸ್ತಕದಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಆಟ, ಪುಟ್ಟ ಚಿತ್ರ, ಪುಟ್ಟ ಪದ್ಯ. ಕ್ರಿಕೆಟ್ ಇದೆ, ಸ್ಟೂಲ್‌ಬಾಲ್ ಇದೆ, ಟ್ರ್ಯಾಪ್‌ಬಾಲ್ ಇದೆ, ಬೇಸ್‌ಬಾಲೂ ಇದೆ. ಬೇಸ್‌ಬಾಲ್ ಚಿತ್ರದಲ್ಲಿ ಕಂಬಗಳ ಪಕ್ಕ ನಿಂತ ಹುಡುಗರಿದ್ದಾರೆ. ಆದರೆ ಯಾರ ಕೈಯಲ್ಲೂ ಬ್ಯಾಟ್ ಇಲ್ಲ. ಶುರುವಿನಲ್ಲಿ ಇದನ್ನು ಬರಿಗೈಯಲ್ಲಿ ಹೊಡೆದು ಆಡ್ತಿದ್ದರು ಅಂತ ಬ್ಲಾಕ್ ವಾದಿಸೋದಕ್ಕೆ ಇದೂ ಒಂದು ಕಾರಣ. ಮೊದಲ ಮುದ್ರಣದ ಪ್ರತಿ ಒಂದೂ ಉಳಿದಿಲ್ಲ, ಈಗ ಸಿಗುವ ಅತಿ ಹಳೇದು 1760ರ ಮುದ್ರಣದ್ದು. ಮಕ್ಕಳ ಪುಸ್ತಕ, ಮಕ್ಕಳೇ ಹರಿದು ಹಾಕಿರ್ತಾರೆ.

ಇನ್ನೊಂದು ಸ್ವಾರಸ್ಯ ನೋಡಿ. ಕ್ರಿಕೆಟ್‌ನ ಮೊದಲ ಲಿಖಿತ ನಿಯಮಾವಳಿ ಬಂದದ್ದೂ ಇದೇ 1744ರಲ್ಲೇ. ಆಗಲೇ ಕ್ರಿಕೆಟ್‌ಗೆ ದೊಡ್ಡ ದೊಡ್ಡ ಬಾಜಿ ಕಟ್ತಿದ್ದರು, ಶ್ರೀಮಂತರು ತಂಡ ಸಾಕ್ತಿದ್ದರು. ಹಣ ಇದ್ದ ಕಡೆ ಜಗಳ ಬರುತ್ತೆ, ಜಗಳ ಬಂದ ಕಡೆ ನಿಯಮ ಬರೀಬೇಕಾಗುತ್ತೆ. ಬೇಸ್‌ಬಾಲ್‌ಗೆ ಬಾಜಿ ಇರಲಿಲ್ಲ, ಹಾಗಾಗಿ ಅದಕ್ಕೆ ಸಿಕ್ಕಿದ್ದು ಮಕ್ಕಳ ಪುಸ್ತಕದ ಒಂದು ಪುಟ.

ಹಾಗಂತ ಬರೀ ಮಕ್ಕಳೇ ಆಡ್ತಿರಲಿಲ್ಲ. 1748ರ ನವೆಂಬರ್‌ನಲ್ಲಿ ಲೇಡಿ ಹಾರ್ವಿ ಅನ್ನುವ ಆಸ್ಥಾನದ ಹೆಂಗಸು ಒಂದು ಪತ್ರ ಬರೀತಾರೆ. ವೇಲ್ಸ್ ಯುವರಾಜ ಫ್ರೆಡರಿಕ್‌ನ ಕುಟುಂಬದವರು ಚಳಿಗಾಲದಲ್ಲಿ ದೊಡ್ಡ ಕೋಣೆಯೊಳಗೆ ಬೇಸ್‌ಬಾಲ್ ಆಡ್ತಾರೆ, ಗಂಡಸರು ಹೆಂಗಸರು ಎಲ್ಲ ಸೇರ್ತಾರೆ ಅಂತ. ಫ್ರೆಡರಿಕ್ ಯಾರು ಗೊತ್ತಾ? ಮೂರನೇ ಜಾರ್ಜ್‌ನ ಅಪ್ಪ. ಯಾವ ದೊರೆಯ ವಿರುದ್ಧ ಅಮೆರಿಕ ಸಿಡಿದೆದ್ದು ಸ್ವಾತಂತ್ರ್ಯ ಪಡೀತೋ ಆ ದೊರೆಯ ಮನೆಯಲ್ಲಿ ಅಮೆರಿಕದ ಭಾವಿ 'ರಾಷ್ಟ್ರೀಯ ಆಟ' ನಡೀತಿತ್ತು! ಮರುವರ್ಷ, 1749ರ ಸೆಪ್ಟೆಂಬರ್‌ನಲ್ಲಿ, ಇದೇ ಯುವರಾಜ ಮತ್ತು ಲಾರ್ಡ್ ಮಿಡ್ಲ್‌ಸೆಕ್ಸ್ ಸರ‍್ರೆ ಸೀಮೆಯ ವಾಲ್ಟನ್‌ನಲ್ಲಿ ಬೇಸ್‌ಬಾಲ್ ಆಡಿದರು, ಹವೆ ತುಂಬಾ ಕೆಟ್ಟಿದ್ದರೂ ಗಂಟೆಗಟ್ಟಲೆ ಆಡಿದರು ಅಂತ ಲಂಡನ್ನಿನ ಪತ್ರಿಕೆಯಲ್ಲಿ ಸುದ್ದಿ ಬಂದಿದೆ. ಈ ಸುದ್ದಿಯನ್ನು ಬ್ಲಾಕ್ ಪತ್ತೆ ಮಾಡಿದ್ದು 2013ರಲ್ಲಿ.

ಈಗ ಡೈರಿ. ವಿಲಿಯಂ ಬ್ರೇ ಅನ್ನುವ ಹುಡುಗ, ಇನ್ನೂ ಇಪ್ಪತ್ತು ತುಂಬಿಲ್ಲ, ಮುಂದೆ ವಕೀಲನಾಗಿ, ಸರ‍್ರೆಯ ಇತಿಹಾಸಕಾರನಾಗಿ ಹೆಸರು ಮಾಡಿದವನು. 1755ರ ಈಸ್ಟರ್ ಸೋಮವಾರ, ಮಾರ್ಚ್ 31, ಊಟ ಆದಮೇಲೆ ಬೇಸ್‌ಬಾಲ್ ಆಡೋಕೆ ಹೋದೆ ಅಂತ ಬರೆದಿಟ್ಟಿದ್ದಾನೆ. ಜೊತೆಗಿದ್ದ ಹುಡುಗ ಹುಡುಗಿಯರ ಹೆಸರನ್ನೂ ಬರೆದಿದ್ದಾನೆ. ಈ ಡೈರಿ ಎಲ್ಲಿತ್ತು? ಯಾರದೋ ಮನೆಯ ಶೆಡ್ಡಿನಲ್ಲಿ. ಅಲ್ಲಿನ ಸ್ಥಳೀಯ ಇತಿಹಾಸಾಸಕ್ತರೊಬ್ಬರ ಕಣ್ಣಿಗೆ ಬಿದ್ದು 2008ರಲ್ಲಿ ಲೋಕಕ್ಕೆ ಗೊತ್ತಾಯಿತು. ಇಂಗ್ಲಿಷ್ ಓದುಗರಿಗೆ ಇನ್ನೊಂದು ಸಾಕ್ಷಿ ಗೊತ್ತಿರಬಹುದು, ಜೇನ್ ಆಸ್ಟಿನ್ ಅವರ 'ನಾರ್ಥ್ಯಾಂಗರ್ ಅಬಿ'. ಅದರ ನಾಯಕಿ ಕ್ಯಾಥರೀನ್ ಪುಸ್ತಕಕ್ಕಿಂತ ಕ್ರಿಕೆಟ್, ಬೇಸ್‌ಬಾಲ್ ಇಷ್ಟಪಟ್ಟು ಬೆಳೆದ ಹುಡುಗಿ. 1790ರ ದಶಕದ ಕೊನೆಗೆ ಬರೆದ ಕಾದಂಬರಿ ಅದು.

ಬ್ರೇ ಇದ್ದದ್ದು ಸರ‍್ರೆಯ ಗಿಲ್ಡ್‌ಫರ್ಡ್ ಸೀಮೆಯಲ್ಲಿ. ಆ ಊರಿಗೆ ಇನ್ನೊಂದು ಹೆಗ್ಗಳಿಕೆ ಇದೆ. ಅಲ್ಲಿ ಒಂದು ಜಾಗದ ವ್ಯಾಜ್ಯ ಕೋರ್ಟಿಗೆ ಹೋಗಿತ್ತು. ಜಾನ್ ಡೆರಿಕ್ ಅನ್ನುವ ಐವತ್ತೊಂಬತ್ತು ವರ್ಷದವರು ಸಾಕ್ಷಿ ಹೇಳಿದರು: ನಾನು ಶಾಲೆಯಲ್ಲಿದ್ದಾಗ ಈ ಜಾಗದಲ್ಲಿ ನಾವು 'ಕ್ರೆಕೆಟ್' ಆಡ್ತಿದ್ದೆವು. ಸಾಕ್ಷಿಯ ಕಾಲ ಇವತ್ತಿನ ಲೆಕ್ಕಕ್ಕೆ 1598, ಆಡಿದ್ದು ಸುಮಾರು 1550ರಲ್ಲಿ. ಕ್ರಿಕೆಟ್ ಬಗ್ಗೆ ನಮಗಿರುವ ಅತಿ ಹಳೇ ಖಚಿತ ದಾಖಲೆ ಇದೇ. ಕೋಟ್ಯಂತರ ಜನ ಟಿವಿ ಮುಂದೆ ಕೂತು ನೋಡುವ ಆಟದ ಜಾತಕ ಉಳಿದದ್ದು ಯಾರೋ ಜಾಗಕ್ಕಾಗಿ ಜಗಳ ಆಡಿದ್ದರಿಂದ. ನಮ್ಮೂರ ಪಹಣಿ ಕೇಸುಗಳನ್ನು ಇನ್ಮೇಲೆ ಬೈಯಬೇಡಿ. (ನಗು)

ಸ್ಟೂಲು, ಬೆಕ್ಕು, ಚಿನ್ನಿ

ಈ ಆಟಗಳು ಒಂಟಿಯಾಗಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೋಲು-ಚೆಂಡಿನ ಆಟಗಳ ದೊಡ್ಡ ಬಳಗವೇ ಇತ್ತು.

ಸ್ಟೂಲ್‌ಬಾಲ್ ಅಂತ ಒಂದು. ಹಾಲು ಕರೆಯುವ ಹುಡುಗಿಯರು ಸ್ಟೂಲನ್ನು ಗುರಿಯಾಗಿಟ್ಟು ಆಡ್ತಿದ್ದದ್ದು ಅಂತ ಪ್ರತೀತಿ. 1621ರ ಕ್ರಿಸ್‌ಮಸ್ ದಿನ ಅಮೆರಿಕದ ಪ್ಲಿಮತ್ ವಸಾಹತಿನಲ್ಲಿ ಕೆಲವರು, ಹಬ್ಬದ ದಿನ ಕೆಲಸ ಮಾಡೋದು ಮನಸ್ಸಿಗೆ ಒಪ್ಪಲ್ಲ ಅಂತ ರಜೆ ಹಾಕಿದರು. ಮಧ್ಯಾಹ್ನ ಗವರ್ನರ್ ವಿಲಿಯಂ ಬ್ರ್ಯಾಡ್‌ಫರ್ಡ್ ಹೊಲದಿಂದ ಬಂದು ನೋಡಿದರೆ ಬೀದಿಯಲ್ಲಿ ಸ್ಟೂಲ್‌ಬಾಲ್ ಆಡ್ತಾ ಇದ್ದಾರೆ! ಸಾಮಾನು ಕಿತ್ತುಕೊಂಡು, ಭಕ್ತಿ ಇದ್ದರೆ ಮನೆಯೊಳಗಿರಿ, ಬೇರೆಯವರು ದುಡಿಯುವಾಗ ನೀವು ಆಡೋದು ನನ್ನ ಮನಸ್ಸಿಗೆ ಒಪ್ಪಲ್ಲ ಅಂದರಂತೆ. ಅವರೇ ಬರೆದಿಟ್ಟಿದ್ದಾರೆ. ಸಿಕ್ ಲೀವ್ ಹಾಕಿ ಮ್ಯಾಚಿಗೆ ಹೋಗಿ ಸಿಕ್ಕಿಬೀಳೋದು ನಾನೂರು ವರ್ಷದ ಸಂಪ್ರದಾಯ. ಸ್ಟೂಲ್‌ಬಾಲ್ ಇವತ್ತಿಗೂ ಸಸೆಕ್ಸ್‌ನಲ್ಲಿ ಜೀವಂತ ಇದೆ. ಭುಜದೆತ್ತರದ ಕಂಬಕ್ಕೆ ಚೌಕದ ಹಲಗೆ ಹೊಡೆದು ಅದನ್ನೇ ವಿಕೆಟ್ ಮಾಡ್ತಾರೆ.

ಇನ್ನೊಂದು ಟಿಪ್‌ಕ್ಯಾಟ್. ಕ್ಯಾಟ್ ಅಂದರೆ ಇಲ್ಲಿ ಬೆಕ್ಕಲ್ಲ, ಎರಡೂ ತುದಿ ಚೂಪು ಮಾಡಿದ ಸಣ್ಣ ಮರದ ತುಂಡು. ತುದಿಗೆ ಕೋಲಿನಿಂದ ತಟ್ಟಿದರೆ ಅದು ಗಾಳಿಗೆ ಚಿಮ್ಮುತ್ತೆ, ಚಿಮ್ಮಿದಾಗ ಬೀಸಿ ಹೊಡೀಬೇಕು. ಏನು ನೆನಪಾಯ್ತು? ಹೌದು, ನಮ್ಮ ಚಿನ್ನಿದಾಂಡು. ಕೆಲವು ಕಡೆ ಗಿಲ್ಲಿದಾಂಡು. ಪುಣೆಯಲ್ಲಿರೋರು ಪಕ್ಕದ ಮನೆಯವರನ್ನು ಕೇಳಿ, ವಿಟಿ ದಾಂಡು ಅಂತಾರೆ. ಚೆನ್ನೈನಲ್ಲಿ ಕಿಟ್ಟಿಪುಳ್ಳು, ಹೈದರಾಬಾದಿನ ತೆಲುಗು ಸ್ನೇಹಿತರಿಗೆ ಬಿಳ್ಳಂಗೋಡು, ದೆಹಲಿಯಲ್ಲಿ ಗಿಲ್ಲಿ ಡಂಡಾ. ಯಾರು ಯಾರಿಂದ ಕಲಿತರು ಅಂತ ಹೇಳೋಕೆ ದಾಖಲೆ ಬೇಕು, ಬರೀ ಹೋಲಿಕೆ ಸಾಲದು. ಆಟ ಒಂದೇ ಥರ ಇದೆ ಅನ್ನೋದಷ್ಟೇ ನನ್ನ ಮಾತು. 'ಪಿಲ್‌ಗ್ರಿಮ್ಸ್ ಪ್ರೋಗ್ರೆಸ್' ಬರೆದ ಜಾನ್ ಬನ್ಯನ್ ಇದ್ದಾರಲ್ಲ, ಅವರು ಯೌವನದಲ್ಲಿ ಒಂದು ಭಾನುವಾರ ಕ್ಯಾಟ್ ಆಡ್ತಾ ಇದ್ದರಂತೆ. ಒಂದು ಏಟು ಹೊಡೆದು ಎರಡನೇದಕ್ಕೆ ಕೋಲೆತ್ತಿದಾಗ ಆಕಾಶದಿಂದ, ಪಾಪ ಬಿಟ್ಟು ಸ್ವರ್ಗಕ್ಕೆ ಬರ್ತೀಯೋ ಇಲ್ವೋ ಅನ್ನುವ ದನಿ ಕೇಳಿಸಿತಂತೆ. ನಮಗೆ ಚಿನ್ನಿದಾಂಡು ಆಡುವಾಗ ಕೇಳಿಸ್ತಿದ್ದ ದನಿ ಪಕ್ಕದ ಮನೆ ಅಜ್ಜಿಯದು, ಕಿಟಕಿ ಗಾಜು ಒಡೆದ್ರೆ ನೋಡಿ ಅಂತ.

ಈ ಬಳಗದಲ್ಲಿ ಬೇಸ್‌ಬಾಲ್ ಹೇಗಿತ್ತು ಅನ್ನೋದನ್ನು ಮೊದಲು ವಿವರವಾಗಿ ಬರೆದವರು ಇಂಗ್ಲಿಷರಲ್ಲ, ಅಮೆರಿಕನ್ನರೂ ಅಲ್ಲ. ಒಬ್ಬ ಜರ್ಮನ್ ಮೇಷ್ಟ್ರು! ಗುಟ್ಸ್‌ಮೂಟ್ಸ್ ಅಂತ, ವ್ಯಾಯಾಮ ಶಿಕ್ಷಕರು. 1796ರಲ್ಲಿ ಮಕ್ಕಳ ಆಟಗಳ ಬಗ್ಗೆ ಪುಸ್ತಕ ಬರೆದರು, ಅದರಲ್ಲಿ 'ಇಂಗ್ಲಿಷ್ ಬೇಸ್‌ಬಾಲ್' ಅಂತಲೇ ಒಂದು ಭಾಗ ಇದೆ. ಸುಮಾರು ಎರಡಡಿ ಉದ್ದದ ದಾಂಡು. ಎಸೆಯುವವನು ಐದಾರು ಹೆಜ್ಜೆ ದೂರ ನಿಂತು ಮೆಲ್ಲಗೆ ಎಸೀತಾನೆ. ಹೊಡೆಯುವವನಿಗೆ ಮೂರು ಅವಕಾಶ. ಹೊಡೆದ ಮೇಲೆ ಬೇಸಿನಿಂದ ಬೇಸಿಗೆ ಓಟ. ಓಡುವವನ ಮೈಗೆ ಚೆಂಡು ಎಸೆದು ತಾಗಿಸಿದರೆ ಔಟ್. ಒಬ್ಬ ಔಟಾದರೆ ತಂಡವೇ ಔಟ್. ಮೂರು ಸ್ಟ್ರೈಕ್ ಅನ್ನುವ ನಿಯಮದ ಬೇರು ಅಲ್ಲೇ ಕಾಣುತ್ತೆ ನೋಡಿ.

ಲಗೋರಿ ನಿಯಮ ಬಿಟ್ಟದ್ದು

ಹಾಗಿದ್ದರೆ ಅಮೆರಿಕ ಏನೂ ಮಾಡಲಿಲ್ವಾ? ಮಾಡಿತು, ದೊಡ್ಡ ಕೆಲಸವನ್ನೇ ಮಾಡಿತು. ಆಟ ವಲಸಿಗರ ಜೊತೆ ಹಡಗು ಹತ್ತಿ ಹೋಯಿತು. ನಮ್ಮ ಹಾಗೇ. 1791ರಲ್ಲಿ ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್ ಅನ್ನುವ ಊರಿನವರು ಒಂದು ಕಾನೂನು ಮಾಡಿದರು: ಹೊಸ ಸಭಾಮಂದಿರದ 80 ಗಜದೊಳಗೆ ಕ್ರಿಕೆಟ್, ಬೇಸ್‌ಬಾಲ್ ಮುಂತಾದ ಚೆಂಡಾಟ ಆಡಕೂಡದು. ಕಾರಣ, ಕಿಟಕಿ ಗಾಜು! ಇತಿಹಾಸಕಾರ ಜಾನ್ ಥಾರ್ನ್ 2004ರಲ್ಲಿ ಇದನ್ನು ಬೆಳಕಿಗೆ ತಂದರು. ಡಬಲ್‌ಡೇ ಹುಟ್ಟೋದು 1819ಕ್ಕೆ. ಆತ ಹುಟ್ಟುವ 28 ವರ್ಷ ಮೊದಲೇ ಆತ 'ಕಂಡುಹಿಡಿದ' ಆಟಕ್ಕೆ ನಿಷೇಧ ಬಂದಾಗಿತ್ತು.

ಅಮೆರಿಕದಲ್ಲಿ ಊರಿಗೊಂದು ನಿಯಮ. ಮ್ಯಾಸಚೂಸೆಟ್ಸ್‌ನದು ಒಂದು ಥರ, ಫಿಲಡೆಲ್ಫಿಯಾದ್ದು ಒಂದು ಥರ, ನ್ಯೂಯಾರ್ಕಿನದು ಇನ್ನೊಂದು. ನಿಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಒಂದೇ ಕೋಡಿನ ಮೂರ್ನಾಲ್ಕು ಫೋರ್ಕು. 1845ರ ಸೆಪ್ಟೆಂಬರ್ 23ರಂದು ನ್ಯೂಯಾರ್ಕಿನ ನಿಕರ್‌ಬಾಕರ್ ಕ್ಲಬ್ಬಿನವರು ತಮ್ಮ ನಿಯಮಗಳನ್ನು ಬರೆದುಕೊಂಡರು. ಅದರಲ್ಲಿ ಎರಡು ನಿಯಮ ಬಹಳ ಮುಖ್ಯ.

ಮೊದಲನೇದು, ಓಡುವವನ ಮೈಗೆ ಚೆಂಡು ಎಸೆಯುವ ಹಾಗಿಲ್ಲ. ಲಗೋರಿ ಆಡಿದವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಬೆನ್ನಿಗೆ ಚೆಂಡು ಬಿದ್ದರೆ ಔಟ್ ಅನ್ನುವ ಆಟದಲ್ಲಿ ಚೆಂಡು ಮೆತ್ತಗಿರಲೇಬೇಕು, ಇಲ್ಲಾಂದ್ರೆ ಆಸ್ಪತ್ರೆ. ಮೈಗೆ ಎಸೆಯೋದು ನಿಂತ ಮೇಲೆ ಚೆಂಡು ಗಟ್ಟಿ ಮಾಡಬಹುದಾಯ್ತು. ಗಟ್ಟಿ ಚೆಂಡು ದೂರ ಹೋಗುತ್ತೆ, ಜೋರಾಗಿ ಎಸೆಯಬಹುದು, ಮೈದಾನ ದೊಡ್ಡದಾಗುತ್ತೆ. ಮಕ್ಕಳಾಟ ದೊಡ್ಡವರ ಆಟ ಆಗೋದಕ್ಕೆ ಈ ಒಂದು ಬದಲಾವಣೆ ಬಹಳ ನೆರವಾಯಿತು. ಎರಡನೇದು ಫೌಲ್ ನಿಯಮ. ಕ್ರಿಕೆಟ್‌ನಲ್ಲಿ ಚೆಂಡು ಯಾವ ದಿಕ್ಕಿಗೆ ಹೋದರೂ ನಡೆಯುತ್ತೆ. ಇಲ್ಲಿ ಮೊದಲ ಮತ್ತು ಮೂರನೇ ಬೇಸಿನ ಗೆರೆಯ ಆಚೆ ಹೋದರೆ ಲೆಕ್ಕಕ್ಕಿಲ್ಲ. ಅದರಿಂದ ಪ್ರೇಕ್ಷಕರು ಹತ್ತಿರ ಕೂರಬಹುದಾಯ್ತು.

1846ರ ಜೂನ್ 19ರಂದು ನ್ಯೂಜೆರ್ಸಿಯ ಹೋಬೋಕನ್‌ನಲ್ಲಿ ಈ ನಿಯಮಗಳ ಪ್ರಕಾರ ನಿಕರ್‌ಬಾಕರ್‌ಗಳು ಇನ್ನೊಂದು ತಂಡದ ಜೊತೆ ಆಡಿದರು. ನಿಯಮ ಬರೆದವರು 23–1ರಿಂದ ಸೋತರು! ಒಂಬತ್ತು ಇನಿಂಗ್ಸ್, ಬೇಸುಗಳ ನಡುವೆ 90 ಅಡಿ, ಇವೆಲ್ಲ ತೀರ್ಮಾನ ಆದದ್ದು 1857ರ ಸಮ್ಮೇಳನದಲ್ಲಿ. ಆದರೂ ಕೂಪರ್ಸ್‌ಟೌನ್‌ನ ಫಲಕದಲ್ಲಿ ಇದೆಲ್ಲದರ ಶ್ರೇಯಸ್ಸು ಅಲೆಕ್ಸಾಂಡರ್ ಕಾರ್ಟ್‌ರೈಟ್ ಅನ್ನುವ ನಿಕರ್‌ಬಾಕರ್ ಸದಸ್ಯನಿಗೆ ಹೋಗಿದೆ. ಕಾರ್ಟ್‌ರೈಟ್ 1849ರಲ್ಲೇ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿಂದ ಹವಾಯಿ ಸೇರಿದ್ದವರು. 1857ರ ಸಭೆಯಲ್ಲಿ ಅವರು ಇರಲೇ ಇಲ್ಲ. ಡಬಲ್‌ಡೇ ಕಥೆ ಅಲುಗಾಡಿದಾಗ ಅದೇ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕೂರಿಸಿದರು. ಕುರ್ಚಿಯೇ ಬೇಡ ಅಂತ ಯಾರಿಗೂ ಅನಿಸಲಿಲ್ಲ.

ಯಾಕೆ ಇಷ್ಟು ಹಠ? ನನಗನ್ನಿಸೋದು, ಹೊಸ ದೇಶಕ್ಕೆ ತನ್ನದು ಅನ್ನುವ ಒಂದು ಆಟ ಬೇಕಿತ್ತು. ಅದೂ ಒಬ್ಬ ಯೋಧ, ಒಂದು ಹಳ್ಳಿ, ಒಂದು ತಾರೀಕು ಇರುವ ಕಥೆ ಬೇಕಿತ್ತು. ಹೆಂಗಸರು, ಮಕ್ಕಳು, ಪರದೇಶದ ಹಳ್ಳಿಯವರು ಸೇರಿ ಬೆಳೆಸಿದ್ದು ಅಂದರೆ ಯಾರ ಪ್ರತಿಮೆ ನಿಲ್ಲಿಸೋದು? ಇಂಗ್ಲೆಂಡಿನಲ್ಲಿ ಆದದ್ದು ಇದಕ್ಕಿಂತ ಬೇಸರದ ವಿಷಯ. ಅಲ್ಲಿ ಹತ್ತೊಂಬತ್ತನೇ ಶತಮಾನದ ಉದ್ದಕ್ಕೂ ದಕ್ಷಿಣದ ಸೀಮೆಗಳಲ್ಲಿ ಹೆಚ್ಚಾಗಿ ಹೆಂಗಸರು, ಹುಡುಗಿಯರು ಆ ಹಳೇ ಬೇಸ್‌ಬಾಲನ್ನು ಆಡ್ತಾನೇ ಇದ್ದರು. ಯಾರೂ ನಿಯಮ ಬರೆದಿಡಲಿಲ್ಲ, ಕ್ಲಬ್ ಕಟ್ಟಲಿಲ್ಲ. ನಿಧಾನಕ್ಕೆ ನಿಂತುಹೋಯಿತು. ಎಷ್ಟರಮಟ್ಟಿಗೆ ಅಂದ್ರೆ, ಬೇಸ್‌ಬಾಲ್ ನಿಮ್ಮದೇ ಆಟ ಅಂದರೆ ಇವತ್ತು ಇಂಗ್ಲಿಷರೇ ನಂಬಲ್ಲ. ಬ್ಲಾಕ್ 2019ರಲ್ಲಿ ಬರೀ ಈ ಮರೆತುಹೋದ ಆಟದ ಬಗ್ಗೆಯೇ ಇನ್ನೊಂದು ಪುಸ್ತಕ ಬರೆದರು. ಅದಕ್ಕೆ ಅವರು ತಡಕಾಡಿದ್ದು ಹಳೇ ಪತ್ರಿಕೆಗಳ ಮೂಲೆಯಲ್ಲಿದ್ದ ಶಾಲಾ ಔತಣಗಳ ವರದಿಯಂಥ ತುಣುಕುಗಳನ್ನು.

ಒಂದು ಸಣ್ಣ ಹೋಮ್‌ವರ್ಕ್

ಮುಗಿಸ್ತೀನಿ. ಲೆಕ್ಕ ಹಾಕಿ ನೋಡಿ. ಒಂದು ಮಕ್ಕಳ ಪುಸ್ತಕ, ಒಂದು ಪತ್ರ, ಒಂದು ಡೈರಿಯ ಒಂದೆರಡು ಸಾಲು, ಒಂದು ಜಾಗದ ಕೇಸು, ಗಾಜು ಉಳಿಸೋಕೆ ಮಾಡಿದ ಒಂದು ಕಾನೂನು, ಒಬ್ಬ ಮೇಷ್ಟ್ರ ಪುಸ್ತಕ. ಅಪ್ಪ-ಅಮ್ಮ ಇಲ್ಲದ ಒಂದು ಆಟದ ವಂಶಾವಳಿ ಸಿಕ್ಕಿದ್ದು ಇಷ್ಟರಿಂದ. ಬರೆದವರಲ್ಲಿ ಒಬ್ಬರಿಗೂ ತಾವು ಇತಿಹಾಸ ಬರೀತಿದ್ದೀವಿ ಅನ್ನುವ ಕಲ್ಪನೆ ಇರಲಿಲ್ಲ.

ಈಗ ನಿಮ್ಮನ್ನು ಕೇಳ್ತೀನಿ. ನಿಮ್ಮೂರಿನ ಚಿನ್ನಿದಾಂಡಿನಲ್ಲಿ ಚಿನ್ನಿ ಎಷ್ಟುದ್ದ ಇತ್ತು? ಗುಳಿ ತೋಡ್ತಿದ್ರಾ, ಕಲ್ಲಿನ ಮೇಲೆ ಇಡ್ತಿದ್ರಾ? ಎಣಿಸುವಾಗ ಒಂದು, ಎರಡು ಅಂತಿದ್ರಾ, ಅದಕ್ಕೆ ಬೇರೆ ಹೆಸರುಗಳಿದ್ದವಾ? ಸೋತವರಿಗೆ ಏನು ಶಿಕ್ಷೆ? ಧಾರವಾಡದವರು ಹೇಳೋದು ಮಂಡ್ಯದವರಿಗೆ ಸರಿ ಅನಿಸಲ್ಲ, ಕುಂದಾಪುರದವರು ಇಬ್ಬರನ್ನೂ ಒಪ್ಪಲ್ಲ. ಆ ವ್ಯತ್ಯಾಸವೇ ದಾಖಲೆ. ಹೆಣ್ಣುಮಕ್ಕಳ ಕುಂಟೆಬಿಲ್ಲೆ, ಅಳಗುಳಿಮಣೆ, ಚೌಕಾಬಾರಗಳಿಗೂ ಊರೂರಿಗೆ ಬೇರೆ ಬೇರೆ ನಿಯಮ ಇದೆ. ಪುಣೆಯ ಅಪಾರ್ಟ್‌ಮೆಂಟಿನಲ್ಲಿ ಬೆಳೀತಿರೋ ನಿಮ್ಮ ಮಗಳಿಗೆ ಇದು ಗೊತ್ತಿಲ್ಲ, ಅದು ಅವಳ ತಪ್ಪಲ್ಲ. ನಿಮಗೆ ಅರ್ಧ ನೆನಪಿದೆ. ಪೂರ್ತಿ ನೆನಪಿರೋದು ಊರಲ್ಲಿರುವ ಅಮ್ಮನಿಗೋ ದೊಡ್ಡಪ್ಪನಿಗೋ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಊಟ ಆಯ್ತಾ, ಮಳೆ ಬಂತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ. ಒಂದೇ ಒಂದು ಆಟ ಸಾಕು. ಎಷ್ಟು ಜನ, ಏನು ಸಾಮಾನು, ಹೇಗೆ ಶುರು, ಯಾವಾಗ ಔಟ್, ಯಾವ ಮಾತಿಗೆ ಜಗಳ ಬರ್ತಿತ್ತು. ಊರಿನ ಹೆಸರು, ಯಾವ ವರ್ಷದ ಸುಮಾರಿಗೆ ಅನ್ನೋದನ್ನು ಮರೀದೆ ಹಾಕಿ. ಕನ್ನಡದಲ್ಲೇ ಟೈಪ್ ಮಾಡಿ ಮನೆಯವರ ಗ್ರೂಪಿನಲ್ಲಿ ಹಾಕಿ, ಒಂದು ಪ್ರತಿ ಕಾಗದದ ಮೇಲೂ ಇರಲಿ. ದೊಡ್ಡಪ್ಪ ಹೇಳಿದ್ದು ಸುಳ್ಳು ಅಂತ ಚಿಕ್ಕಪ್ಪ ಅದೇ ಗ್ರೂಪಿನಲ್ಲಿ ಜಗಳ ತೆಗೀತಾರೆ. ತೆಗೀಲಿ, ಅದನ್ನೂ ಬರೆದುಕೊಳ್ಳಿ.